ಬಾ ಪುಟ್ಟ, ಒಲೆ ನಿನ್ನದೇ

ಪಾಂಡವಪುರ

ಪುಟ್ಟಾ,

ನಿನ್ನ ದೊಡ್ಡಪ್ಪನ ಮಂಡಿನೋವು ಬಿಟ್ಟರೆ ಬೇರೆ ಸುದ್ದಿಯಿಲ್ಲ.

ಯುಗಾದಿಗೆ ಬಂದಾಗ ಹಬ್ಬದ ಮಾರನೇ ದಿನದ ಹೊಸತೊಡಕಿಗೆ ಅಡುಗೆಮನೆ ನನಗೆ ಬಿಟ್ಟುಕೊಡಿ, ಪೆರು ದೇಶದ ಹತ್ತು ಬಗೆ ಮಾಡಿ ಬಡಿಸ್ತೀನಿ ಅಂತ ಬರೆದಿದ್ದೀಯ. ಓದಿ ಖುಷಿಯಾಯಿತು. ನಮ್ಮ ಮನೆಯಲ್ಲಿ ಒಬ್ಬ ಗಂಡುಹುಡುಗ ಯಾರೂ ಕೇಳದೆಯೇ ಒಲೆ ಮುಂದೆ ನಿಲ್ಲುತ್ತೇನೆ ಅಂದದ್ದು ಸಣ್ಣ ಮಾತಲ್ಲ. ಆದರೆ ಮಗಾ, ಹೊಸತೊಡಕಿನ ದಿನವೇ ಬೇಡ. ಪಾಲು ಹಾಕಿಕೊಳ್ಳುವ ಗುಡ್ಡೆ ಮಾಂಸಕ್ಕೆ ಊರವರೆಲ್ಲ ಮೊದಲೇ ದುಡ್ಡು ಕಟ್ಟಿರುತ್ತಾರೆ, ಬೆಳಕು ಹರಿಯುವಷ್ಟರಲ್ಲಿ ಪಾಲು ಮನೆಗೆ ಬಂದಿರುತ್ತೆ. ಅವತ್ತು ಬಾಡಿನ ಸಾರು, ಮುದ್ದೆ ಬಿಟ್ಟು ನೀನು ಅಮೃತ ಇಟ್ಟರೂ ನಿಮ್ಮ ಭಾವಂದಿರು ಮುಟ್ಟುವುದಿಲ್ಲ. ಅದರ ಮಾರನೇ ದಿನಕ್ಕೆ ಇಟ್ಟುಕೋ. ಅದು ಸೋಮವಾರವೋ ಶನಿವಾರವೋ ಆದರೆ ಮೀನು, ಕೋಳಿ ಎರಡೂ ಇಲ್ಲ, ಅದನ್ನೂ ಕ್ಯಾಲೆಂಡರ್‌ನಲ್ಲಿ ನೋಡಿಕೊಂಡು ಬಾ.

ಇನ್ನು ಹತ್ತು ಬಗೆಯ ಮಾತು. ನನ್ನ ಕೇಳಿದರೆ ಹತ್ತು ಬೇಡ, ಒಂದು ಮಾಡು. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದು.

ನಮ್ಮ ಉಪ್ಸಾರಿನ ಖಾರ ನಿನಗೆ ಗೊತ್ತು. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿಗೆ ಉಪ್ಪು ಹಾಕಿ ಇಳಿಸುತ್ತೇವೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಹುಣಸೆಹಣ್ಣು, ಉಪ್ಪು ಇಟ್ಟು ಖಾರ ಅರೆದು ಬೇರೆಯಾಗಿ ತಟ್ಟೆಯ ಪಕ್ಕಕ್ಕೆ ಇಡುತ್ತೇವೆ. ಬೇಕಾದವರು ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಈ ಖಾರದಲ್ಲಿರುವ ಮೆಣಸಿನಕಾಯಿ ನಮ್ಮದಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು, ಅದರ ತವರು ಅಮೆರಿಕ ಖಂಡ. ಅದಕ್ಕೆ ಮುಂಚೆ ಇಲ್ಲಿ ಖಾರ ಅಂದರೆ ಕಾಳುಮೆಣಸು, ಹಿಪ್ಪಲಿ. ಶ್ರಾದ್ಧದ ಅಡುಗೆಗೆ ಇವತ್ತಿಗೂ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಸೇರಿಸದ ಮನೆಗಳಿವೆ, ಮೆಣಸೊಂದರಲ್ಲೇ ಮುಗಿಸುತ್ತಾರೆ. ಯಾವುದು ಆಮೇಲೆ ಬಂದದ್ದು ಅನ್ನುವ ನೆನಪು ಆ ಅಡುಗೆಮನೆಗಳಲ್ಲಿ ಇನ್ನೂ ಇದೆ.

ಈಗ ನೀನು ಕಳಿಸಿದ ಪಟ್ಟಿಯಲ್ಲಿರುವ ಉಚುಕುತಾ ನೋಡು. ಆಂಡಿಸ್ ಬೆಟ್ಟದ ಹೆಂಗಸರು ಬತಾನ್ ಅನ್ನುವ ಚಪ್ಪಟೆ ಕಲ್ಲಿನ ಮೇಲೆ ಇನ್ನೊಂದು ಗುಂಡುಕಲ್ಲನ್ನು ಆ ಕಡೆ ಈ ಕಡೆ ಓಲಾಡಿಸಿ ಹಸಿ ಮೆಣಸಿನಕಾಯಿ, ಸೊಪ್ಪು, ಕಡಲೆಬೀಜ ಅರೆಯುತ್ತಾರೆ. ಬೇಯಿಸಿದ ಆಲೂಗಡ್ಡೆ ತಟ್ಟೆಯಲ್ಲಿ, ಅರೆದ ಖಾರ ಪಕ್ಕದಲ್ಲಿ. ಮೆಣಸಿನಕಾಯಿ ಹುಟ್ಟಿದ ಸೀಮೆಯಲ್ಲೂ, ಅದು ಬಂದು ನೆಲೆಸಿದ ನಮ್ಮ ಸೀಮೆಯಲ್ಲೂ ಬಡವರ ಮನೆಯ ಹೆಂಗಸರು ಅದಕ್ಕೆ ಒಂದೇ ಕೆಲಸ ಕೊಟ್ಟಿದ್ದಾರೆ: ಸಪ್ಪೆ ಊಟದ ಪಕ್ಕ ಕೂತು ಹೊಟ್ಟೆ ತುಂಬ ಉಣ್ಣಿಸುವುದು.

ನಮ್ಮ ಮನೆಗೆ ಮೆಣಸಿನಕಾಯಿ ಬಂದದ್ದು ಹತ್ತು ಹೊಸ ಅಡುಗೆಯ ಜೊತೆಯಲ್ಲಲ್ಲ, ಮಗಾ. ಇದ್ದ ಖಾರದೊಳಕ್ಕೇ ಬಂತು. ಕಾಳುಮೆಣಸು ಓಡಿಹೋಗಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟಿತು. ಹೊರಗಿನ ಪದಾರ್ಥ ಮನೆಯದಾಗುವುದು ಹಾಗೆ. ಪೆರುವಿನವರೂ ಅದನ್ನೇ ಮಾಡಿದ್ದಾರೆ. 1849ರಿಂದ ಚೀನಾದ ಕೂಲಿಗಳನ್ನು ಅಲ್ಲಿಯ ಕಬ್ಬು, ಹತ್ತಿ ತೋಟಗಳಿಗೆ ಕರೆತಂದರು. ಅವರ ಬಾಣಲೆ, ಸೋಯಾ ಸಾಸು ಪೆರುವಿನ ಅಡುಗೆಮನೆ ಹೊಕ್ಕವು. ನಿನ್ನ ಪಟ್ಟಿಯ ಲೋಮೊ ಸಾಲ್ತಾದೊ ಆ ಬಾಣಲೆಯಲ್ಲಿ ಹುರಿದದ್ದೇ. ಅದರ ತಟ್ಟೆಯಲ್ಲಿ ಕರಿದ ಆಲೂಗಡ್ಡೆಯೂ ಉಂಟು, ಅನ್ನವೂ ಉಂಟು. ಮುದ್ದೆ ಮುಗಿಸಿ ಅನ್ನಕ್ಕೆ ಕೈಹಾಕುವ ನಮಗೆ ಅದು ವಿಚಿತ್ರ ಅನ್ನಿಸಬಾರದು. ಕಬ್ಬಿನ ಸೀಮೆಯವರಾದ ನಾವು ಆ ಕೂಲಿಗಳ ಬೆವರನ್ನು ಮಾತ್ರ ಮರೆಯಬಾರದು.

ಸರಿ, ಪಟ್ಟಿಗೆ ಬರೋಣ. ಸುತ್ತಿನ ತಾಲ್ಲೂಕುಗಳಲ್ಲಿ ನಮ್ಮ ನೆಂಟರಿದ್ದಾರೆ, ಯಾರ ಮನೆಯಿಂದ ಏನು ಬರುತ್ತೆ ಅಂತ ನೋಡಿಯೇ ಅಡುಗೆ ಆರಿಸಬೇಕು.

ಸೆವಿಚೆ ಮೊದಲು ಬರೆದಿದ್ದೀಯ. ಹಸಿ ಮೀನಿನ ತುಂಡಿಗೆ ನಿಂಬೆರಸ, ಈರುಳ್ಳಿ, ಮೆಣಸಿನಕಾಯಿ, ಉಪ್ಪು. ಪಕ್ಕಕ್ಕೆ ಬೇಯಿಸಿದ ಗೆಣಸು, ಮುಸುಕಿನ ಜೋಳ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ ಅಂತಲೂ ತಿಳಿದೆ. ಒಳ್ಳೆಯದೇ. ಆದರೆ ಅದು ಕಡಲ ದಡದ ಊಟ. ಶ್ರೀರಂಗಪಟ್ಟಣದ ನಿನ್ನ ಅಕ್ಕ ಕಾವೇರಿಯ ಮೀನು, ಕನ್ನಂಬಾಡಿ ಹಿನ್ನೀರಿನ ಕಾಟ್ಲ ಎಷ್ಟು ಬೇಕಾದರೂ ತಂದುಕೊಡುತ್ತಾಳೆ, ಅದನ್ನು ಹಸಿಯಾಗಿ ಬಡಿಸುವಂತಿಲ್ಲ. ನಿಂಬೆರಸ ಮೀನನ್ನು ಬೆಳ್ಳಗೆ ಮಾಡುತ್ತದೆ, ಬೆಂದಂತೆ ಕಾಣುತ್ತದೆ, ಒಳಗಿನ ಹುಳು ಸಾಯುವುದಿಲ್ಲ. ಸಿಹಿನೀರಿನ ಮೀನಿನಲ್ಲಿ ಆ ಭಯ ಜಾಸ್ತಿ. ಘಟ್ಟ ಹತ್ತಿ ಐಸಿನಲ್ಲಿ ಬರುವ ಸಮುದ್ರದ ಮೀನನ್ನೂ ಹಸಿ ತಿನ್ನುವ ಧೈರ್ಯ ಬೇಡ. ಮೀನೇ ಆಗಬೇಕೆಂದರೆ ಎಸ್ಕಬೆಚೆ ಮಾಡು. ಮೀನನ್ನು ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ದಪ್ಪಗೆ ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿಯನ್ನು ವಿನೆಗರ್ ಹಾಕಿ ಬಾಡಿಸಿ ಮೇಲೆ ಸುರಿಯುವುದು. ನಮ್ಮ ಹೊಳೆ ಮೀನಿಗೆ ಅದು ಸರಿಹೋಗುತ್ತೆ.

ಕೌಸಾ ಎರಡನೆಯದು. ಆಲೂಗಡ್ಡೆ ಬೇಯಿಸಿ ಹಿಸುಕಿ, ನಿಂಬೆರಸ, ಅರೆದ ಮೆಣಸಿನಕಾಯಿ ಕಲಸಿ, ನಡುವೆ ಕೋಳಿ ಇಟ್ಟು ಪದರ ಪದರ ಕಟ್ಟುವುದು. ಕೆ.ಆರ್. ಪೇಟೆಯ ನಿನ್ನ ಚಿಕ್ಕಮ್ಮನಿಗೆ ಹೇಳಿದರೆ ಹಾಸನದ ಕಡೆಯ ಆಲೂಗಡ್ಡೆ ಮೂಟೆಗಟ್ಟಲೆ ಬರುತ್ತೆ, ಆದರೆ ಅದರ ಕಾಲ ಶ್ರಾವಣ ಭಾದ್ರಪದ. ಮುಂಗಾರಿಗೆ ಜಲಂಧರದ ಬಿತ್ತನೆ ಗೆಡ್ಡೆ ತಂದು ಹಾಕುತ್ತಾರೆ, ಅಂಗಮಾರಿ ರೋಗ ತಗುಲದೆ ಉಳಿದದ್ದು ಮಾರುಕಟ್ಟೆ ಕಾಣುತ್ತದೆ. ಯುಗಾದಿ ಹೊತ್ತಿಗೆ ಸಿಗುವುದು ಉತ್ತರದ ಕಡೆಯ ಗೆಡ್ಡೆ. ಪೆರುವಿನ ಹಳದಿ ಆಲೂಗಡ್ಡೆಯ ಹಿಟ್ಟುಹಿಟ್ಟಾದ ಗುಣ ಅದಕ್ಕಿರುವುದಿಲ್ಲ, ನೀರು ಬಿಡುತ್ತೆ. ಸಿಪ್ಪೆ ಸಮೇತ ಬೇಯಿಸಿ, ಬಿಸಿಯಲ್ಲೇ ಸುಲಿದು, ಬಾಣಲೆಯಲ್ಲಿ ಸ್ವಲ್ಪ ಹೊತ್ತು ನೀರು ಆರಿಸಿ ಹಿಸುಕಿದರೆ ಪದರ ನಿಲ್ಲುತ್ತೆ. ಅಲ್ಲಿಯ ಹಳದಿ ಮೆಣಸಿನಕಾಯಿ ಸಿಗದಿದ್ದರೆ ಹಳದಿ ದೊಣ್ಣೆ ಮೆಣಸಿನಕಾಯಿ ಸುಟ್ಟು, ಒಂದೆರಡು ಹಣ್ಣು ಮೆಣಸಿನಕಾಯಿ ಜೊತೆಗೆ ಅರೆ. ಬಣ್ಣವೂ ಬರುತ್ತೆ, ಖಾರವೂ ಬರುತ್ತೆ.

ಆಲೂಗಡ್ಡೆ ಅಂದಮೇಲೆ ಇದನ್ನು ಹೇಳದಿದ್ದರೆ ಆಗದು. ಲಿಮಾದಲ್ಲಿ 1971ರಿಂದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವಿದೆ, ಸಾವಿರಾರು ತಳಿಗಳನ್ನು ಕಾಪಾಡಿಟ್ಟಿದ್ದಾರೆ. ಬೆಟ್ಟದ ರೈತರ ಹೊಲದಲ್ಲಿ ಒಂದು ತಳಿಯಿದೆ, ಅದರ ಹೆಸರೇ ‘ಸೊಸೆಯನ್ನು ಅಳಿಸುವುದು’. ಮೈತುಂಬ ಗಂಟು, ಗುಳಿ. ಮದುವೆಯಾಗಿ ಬರುವ ಹುಡುಗಿಯ ಕೈಗೆ ಅದನ್ನು ಕೊಟ್ಟು ಸಿಪ್ಪೆ ತೆಗೆಸಿ, ಅವಳ ಕೈಗುಣ ನೋಡುತ್ತಿದ್ದರಂತೆ. ನಿಮ್ಮಜ್ಜಿ ಅಲ್ಲಿ ಹುಟ್ಟದೇ ಇದ್ದದ್ದು ನನ್ನ ಪುಣ್ಯ! ಈಗ ಕಾಲ ಬದಲಾಗಿದೆ, ಅದನ್ನು ಅಳಿಯನ ಕೈಗೂ ಕೊಟ್ಟು ನೋಡಬೇಕು.

ಕಿನೋವಾ ಕಾಳು ತರಬೇಡ, ದುಡ್ಡು ದಂಡ. ಅದರ ಮೇಲಿನ ಕಹಿ ನೊರೆ ಹೋಗುವ ತನಕ ನಾಲ್ಕೈದು ನೀರು ತೊಳೆಯಬೇಕು. ನಮ್ಮ ಸಾಮೆ, ನವಣೆಯ ಅನ್ನ ಆ ಜಾಗದಲ್ಲಿ ಸುಲಭವಾಗಿ ನಿಲ್ಲುತ್ತದೆ. ವಿಶ್ವಸಂಸ್ಥೆ 2013ನ್ನು ಕಿನೋವಾ ವರ್ಷ ಅಂತ ಸಾರಿತು, ಹತ್ತು ವರ್ಷದ ಮೇಲೆ 2023ನ್ನು ಸಿರಿಧಾನ್ಯದ ವರ್ಷ ಅಂದಿತು. ಮರ್ಯಾದೆಯಲ್ಲಿ ಇಬ್ಬರೂ ಸಮ.

ಇನ್ನು ನಾನು ಆರಿಸಿದ್ದು ಹೇಳುತ್ತೇನೆ: ಒಕೋಪಾ. ಅರೆಕಿಪಾ ಕಡೆಯದು ಅಂತ ನೀನೇ ಬರೆದಿದ್ದೀಯ. ಹುರಿದ ಕಡಲೆಬೀಜ, ಮೆಣಸಿನಕಾಯಿ, ಬಾಡಿಸಿದ ಈರುಳ್ಳಿ ಬೆಳ್ಳುಳ್ಳಿ, ಸೊಪ್ಪು, ಹಸಿ ಚೀಸ್, ಹಾಲು, ಎರಡು ಬಿಸ್ಕತ್ತು ಹಾಕಿ ನುಣ್ಣಗೆ ಅರೆದು ಬೇಯಿಸಿದ ಆಲೂಗಡ್ಡೆಯ ಮೇಲೆ ಸುರಿಯುವುದು. ಇದರಲ್ಲಿ ಹೊರಗಿನಿಂದ ತರಬೇಕಾದ್ದು ಹೆಚ್ಚೇನೂ ಇಲ್ಲ. ಕಡಲೆಬೀಜ ನಾಗಮಂಗಲದ ನನ್ನ ತವರಿನಿಂದ ಬಂದು ಅಟ್ಟದಲ್ಲಿದೆ. ಮಳೆ ನಂಬಿದ ಹೊಲದ್ದು, ಸಣ್ಣ ಬೀಜ, ಎಣ್ಣೆ ಜಾಸ್ತಿ. ಚೀಸ್‌ಗೆ ಬದಲು ಹಾಲು ಒಡೆದು ಪನೀರ್ ಮಾಡಿ ಉಪ್ಪು ಬೆರೆಸು. ಅಲ್ಲಿಯ ಉವಾಕತಾಯ್ ಸೊಪ್ಪು ನಮ್ಮ ಚೆಂಡುಹೂವಿನ ಬಳಗದ್ದು, ಹಾಗಂತ ಚೆಂಡುಹೂವಿನ ಎಲೆ ಕಿತ್ತು ಹಾಕಬೇಡ. ಪುದೀನ ಎರಡು ಪಾಲು, ಕೊತ್ತಂಬರಿ ಒಂದು ಪಾಲು ಸಾಕು. ಕಡಲೆಬೀಜ ಹದವಾಗಿ ಹುರಿದು ಸಿಪ್ಪೆ ಊದು, ಸೀದರೆ ಎಲ್ಲವೂ ಕಹಿ. ಸೋಮವಾರ ಬಿದ್ದರೂ ತೊಂದರೆಯಿಲ್ಲ, ದೊಡ್ಡಪ್ಪನೂ ಉಣ್ಣಬಹುದು.

ಕಡಲೆಕಾಯಿಗೂ ಆ ಸೀಮೆಯಲ್ಲಿ ಎಂಥ ಗೌರವ ಗೊತ್ತೇನು? ಪೆರುವಿನ ಸಿಪಾನ್ ಎಂಬಲ್ಲಿ 1987ರಲ್ಲಿ ಒಬ್ಬ ಹಳೇ ಕಾಲದ ದೊರೆಯ ಸಮಾಧಿ ಸಿಕ್ಕಿತು. ಅವನ ಕೊರಳಿಗೆ ಚಿನ್ನದಲ್ಲೂ ಬೆಳ್ಳಿಯಲ್ಲೂ ಮಾಡಿದ ಕಡಲೆಕಾಯಿಗಳ ಸರ ಹಾಕಿದ್ದರು. ನಮ್ಮ ಕಡೆ ಕಾಸಿನ ಸರ ಮಾಡಿಸುತ್ತಾರೆ, ಅವರು ಬೆಳೆದ ಬೆಳೆಯನ್ನೇ ಚಿನ್ನದಲ್ಲಿ ಮಾಡಿ ಕೊರಳಿಗೆ ಹಾಕಿದರು. ಒಕೋಪಾ ಬಡಿಸುವಾಗ ಈ ಕಥೆ ಮಕ್ಕಳಿಗೆ ಹೇಳು, ತಟ್ಟೆ ತಾನಾಗಿ ಖಾಲಿಯಾಗುತ್ತೆ.

ಒಂದೇ ಅಡುಗೆ ಅಂದದ್ದರ ಕಾರಣ ಈಗ ನಿನಗೆ ತಿಳಿದಿರಬೇಕು. ಹತ್ತು ಮಾಡಿದರೆ ಜನ ನಿನ್ನನ್ನು ಹೊಗಳಿ ಎದ್ದುಹೋಗುತ್ತಾರೆ, ಮಾರನೇ ದಿನ ಯಾರಿಗೂ ಒಂದೂ ಬರುವುದಿಲ್ಲ. ಒಂದು ಮಾಡಿದರೆ ಅದು ಮನೆಯಲ್ಲಿ ಉಳಿಯುವ ದಾರಿಯಿದೆ. ಅದಕ್ಕೆ ನಿನ್ನ ಅತ್ತಿಗೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡು. ಚೀಟಿಯಲ್ಲಿ ಅಳತೆ ಬರೆದುಕೊಟ್ಟು ಕೈತೊಳೆದುಕೊಳ್ಳಬೇಡ, ಬೀಜ ಯಾವ ಬಣ್ಣಕ್ಕೆ ಬರಬೇಕು, ಎಷ್ಟು ಗಟ್ಟಿ ಅರೆಯಬೇಕು ಅಂತ ಅವಳ ಕಣ್ಣಿಗೆ ತೋರಿಸು. ಮುಂದಿನ ಸಲ ಅವಳು ಮಾಡಲಿ, ನೀನು ಈರುಳ್ಳಿ ಹೆಚ್ಚು. ಅವಳು ಬೆಳ್ಳುಳ್ಳಿ ಜಾಸ್ತಿ ಹಾಕಿಯಾಳು, ಬಿಸ್ಕತ್ತು ಬಿಟ್ಟು ಹುರಿಗಡಲೆ ಹಾಕಿಯಾಳು, ಆಲೂಗಡ್ಡೆ ಬದಲು ಗೆಣಸಿನ ಮೇಲೆ ಸುರಿದಾಳು. ‘ಇದು ಒಕೋಪಾ ಅಲ್ಲ’ ಅಂತ ಬಾಯಿ ಹಾಕಬೇಡ. ಕಾಳುಮೆಣಸಿನ ಜಾಗದಲ್ಲಿ ಮೆಣಸಿನಕಾಯಿ ಇಟ್ಟ ನಮ್ಮ ಹಿಂದಿನ ಹೆಂಗಸರನ್ನು ಯಾರಾದರೂ ಹಾಗೆ ತಡೆದಿದ್ದರೆ ನಿನ್ನ ಪ್ರೀತಿಯ ಉಪ್ಸಾರಿನ ಖಾರ ಇವತ್ತು ಇರುತ್ತಿರಲಿಲ್ಲ.

ಅವತ್ತು ಮುದ್ದೆ, ಹುರುಳಿಕಾಳಿನ ಉಪ್ಸಾರು ನನ್ನ ಪಾಲಿಗೆ ಇರಲಿ. ನಿನ್ನ ಒಕೋಪಾ ಅದರ ಪಕ್ಕ ಕೂರಲಿ. ಖಾರ ಅರೆಯುವ ಕೆಲಸ ಮಾತ್ರ ನಿನ್ನದು, ಹಿತ್ತಲ ಒರಳನ್ನು ತೊಳೆಸಿ ಇಟ್ಟಿರುತ್ತೇನೆ. ಬೆಂಗಳೂರಿಂದ ಬರುವಾಗ ಒಕೋಪಾಗೆ ಹಳದಿ ದೊಣ್ಣೆ ಮೆಣಸಿನಕಾಯಿ ಕಾಲು ಕೆ.ಜಿ. ತಾ, ಉಳಿದದ್ದೆಲ್ಲ ಇಲ್ಲಿದೆ. ಎಷ್ಟು ಜನಕ್ಕೆ ಮಾಡಬೇಕು ಅಂತ ಕೇಳಿದ್ದೀಯ. ನಾವು ಮನೆಯವರು ಹನ್ನೆರಡು, ಸುದ್ದಿ ತಿಳಿದರೆ ಇಪ್ಪತ್ತು. ಇಪ್ಪತ್ತಕ್ಕೇ ಆಲೂಗಡ್ಡೆ ಬೇಯಿಸು.

ಹೊತ್ತುಹೊತ್ತಿಗೆ ಉಣ್ಣು. ಬರುವ ದಿನ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ