‘ಹಂಡ್ರೆಡ್’: ಒಂದು ಸಂಖ್ಯಾವಾಚಕದ ಅರ್ಥ ಮತ್ತು ಮೂಲ

ಇಂಗ್ಲಿಷಿನ ‘ಹಂಡ್ರೆಡ್’ ಪದಕ್ಕೆ ಕನ್ನಡದ ‘ನೂರು’ ಸಮಾನಪದವೆಂಬುದು ಸಾಮಾನ್ಯ ತಿಳಿವಳಿಕೆ. ಇಂದಿನ ಬಳಕೆಯ ಮಟ್ಟಿಗೆ ಇದು ಸರಿ. ಆದರೆ ಈ ಪದವು ತನ್ನ ಚರಿತ್ರೆಯುದ್ದಕ್ಕೂ ಒಂದೇ ಮೊತ್ತವನ್ನು ಸೂಚಿಸಿದುದಲ್ಲ. ಸಂಖ್ಯಾವಾಚಕಗಳ ಅರ್ಥ ಸ್ಥಿರವೆಂಬ ನಂಬಿಕೆಯನ್ನು ಮರುಪರಿಶೀಲಿಸಲು ಇದು ಉತ್ತಮ ನಿದರ್ಶನ.

‘ಹಂಡ್ರೆಡ್’ ಸಮಸ್ತಪದ. ಇದರ ಪೂರ್ವಪದವಾದ ‘ಹುಂಡ್’ ಹಳೆಯ ಇಂಗ್ಲಿಷಿನಲ್ಲಿ ತಾನೇ ನೂರು ಎಂಬರ್ಥದಲ್ಲಿ ಬಳಕೆಯಲ್ಲಿತ್ತು. ಉತ್ತರಪದವಾದ ‘ರೆಡ್’ ಎಂಬುದಕ್ಕೆ ‘ಎಣಿಕೆ’ ಎಂದರ್ಥ. ಹೀಗಾಗಿ ಇಡೀ ಪದದ ಮೂಲಾರ್ಥ ‘ನೂರರ ಎಣಿಕೆ’.

‘ಹುಂಡ್’, ಲ್ಯಾಟಿನ್ನಿನ ‘ಕೆಂಟುಮ್’, ಸಂಸ್ಕೃತದ ‘ಶತಂ’ ಇವು ಜ್ಞಾತಿಪದಗಳು. ಹೊರನೋಟಕ್ಕೆ ಸಾದೃಶ್ಯ ಕಾಣದಿದ್ದರೂ ಧ್ವನಿವ್ಯತ್ಯಾಸಗಳು ನಿಯಮಬದ್ಧವಾಗಿವೆ. ಮೂಲ ಇಂಡೋ-ಯುರೋಪಿಯನ್ನಿನ ತಾಲವ್ಯ ಕಕಾರವು ಸಂಸ್ಕೃತದಲ್ಲಿ ಶಕಾರವಾಯಿತು. ಜರ್ಮಾನಿಕ್ ಶಾಖೆಯಲ್ಲಿ ಹಕಾರವಾಯಿತು. ಇದು ಯಾಕೋಬ್ ಗ್ರಿಮ್ 1822ರಲ್ಲಿ ನಿರೂಪಿಸಿದ ನಿಯಮದ ವ್ಯಾಪ್ತಿಗೆ ಸೇರುತ್ತದೆ. ತಕಾರ ಡಕಾರವಾದುದಕ್ಕೆ ಕಾರ್ಲ್ ವೆರ್ನರ್ 1877ರಲ್ಲಿ ಪ್ರಕಟಿಸಿದ ನಿಯಮ ಸಮಾಧಾನ ನೀಡುತ್ತದೆ. ಮೂಲಪದದ ಸ್ವರಾಘಾತ ಕೊನೆಯ ಅಕ್ಷರದ ಮೇಲಿತ್ತೆಂಬುದು ಆ ನಿಯಮಕ್ಕೆ ಆಧಾರ. ವೇದಭಾಷೆಯ ‘ಶತಂ’ ಪದದಲ್ಲಿ ಉದಾತ್ತಸ್ವರ ಇರುವುದೂ ಅಲ್ಲಿಯೇ. ದ್ರಾವಿಡಮೂಲದ ‘ನೂರು’ ಪದಕ್ಕೆ ಈ ವಂಶದೊಡನೆ ಸಂಬಂಧವಿಲ್ಲ. ಕನ್ನಡದಲ್ಲಿ ‘ಹಂಡ್ರೆಡ್’ಗೆ ಜ್ಞಾತಿಯಾಗಿರುವುದು ಸಂಸ್ಕೃತದಿಂದ ಬಂದ ತತ್ಸಮವಾದ ‘ಶತ’.

ರೂಪದ ಚರಿತ್ರೆ ಹೀಗೆ ಸ್ಪಷ್ಟವಾಗಿದ್ದರೂ ಮೌಲ್ಯದ ಚರಿತ್ರೆ ಅಷ್ಟು ಸರಳವಲ್ಲ. ಪ್ರಾಚೀನ ನಾರ್ಸ್ ಭಾಷೆಯ ‘ಹುಂಡ್ರಾಡ್’ ಸಾಮಾನ್ಯವಾಗಿ 120ನ್ನು ಸೂಚಿಸುತ್ತಿತ್ತು. ಸಂದಿಗ್ಧತೆಯನ್ನು ನಿವಾರಿಸಲು ‘ಹತ್ತರ ಲೆಕ್ಕದ ನೂರು’ (100), ‘ಹನ್ನೆರಡರ ಲೆಕ್ಕದ ನೂರು’ (120) ಎಂಬ ವಿಶೇಷಣಗಳು ಬಳಕೆಗೆ ಬಂದವು. ಹಳೆಯ ಇಂಗ್ಲಿಷಿನಲ್ಲಿಯೂ 60ರವರೆಗಿನ ದಶಕಗಳಿಗೆ ಇಲ್ಲದ ‘ಹುಂಡ್’ ಪೂರ್ವಪದವು 70ರಿಂದ 120ರವರೆಗಿನ ದಶಕಗಳಿಗೆ ಸೇರುತ್ತದೆ. ಹನ್ನೆರಡರ ಗುಣಕಗಳಿಗೆ ಸಂಬಂಧಿಸಿದ ಎಣಿಕೆಯ ಕುರುಹನ್ನು ಕೆಲವು ವಿದ್ವಾಂಸರು ಇದರಲ್ಲಿ ಗುರುತಿಸಿದ್ದಾರೆ. ಇಂಗ್ಲೆಂಡಿನ ವ್ಯಾಪಾರದಲ್ಲಿ ಕೆಲವು ಸರಕುಗಳಿಗೆ 120ರ ‘ದೀರ್ಘ ನೂರು’ ಬಹುಕಾಲ ಉಳಿದಿತ್ತು. ‘ಹಂಡ್ರೆಡ್‌ವೇಟ್’ ಎಂಬ ತೂಕವು ಬ್ರಿಟಿಷ್ ಪದ್ಧತಿಯಲ್ಲಿ 112 ಪೌಂಡು, ಅಮೆರಿಕದ ಪದ್ಧತಿಯಲ್ಲಿ 100 ಪೌಂಡು.

ಇದೇ ಪದ 10ನೆಯ ಶತಮಾನದ ಇಂಗ್ಲೆಂಡಿನಲ್ಲಿ ಆಡಳಿತವಿಭಾಗದ ಹೆಸರೂ ಆಗಿತ್ತು. ಅದು ತಾತ್ತ್ವಿಕವಾಗಿ 100 ‘ಹೈಡ್’ ಭೂಮಿಯ ಘಟಕವೆಂದು ಹೇಳಲಾದರೂ, 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಹಲವು ವಿಭಾಗಗಳ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಬನವಾಸಿ 12000, ಬೆಳ್ವೊಲ 300, ಗಂಗವಾಡಿ 96000 ಮುಂತಾದ ಶಾಸನೋಕ್ತ ನಾಡುಗಳ ಸಂಖ್ಯೆಗಳು ಗ್ರಾಮಗಳನ್ನೋ ಆದಾಯವನ್ನೋ ಮತ್ತೇನನ್ನೋ ಸೂಚಿಸುತ್ತವೆಂಬ ಚರ್ಚೆಯನ್ನು ಬಲ್ಲವರಿಗೆ ಈ ಸಮಸ್ಯೆ ಅಪರಿಚಿತವಲ್ಲ. ಎರಡಕ್ಕೂ ಐತಿಹಾಸಿಕ ಸಂಬಂಧವಿಲ್ಲ. ಹೆಸರಿನೊಳಗಿನ ಸಂಖ್ಯೆಯನ್ನು ನೇರ ಗಣತಿಯೆಂದು ಭಾವಿಸಬಾರದೆಂಬ ಪಾಠ ಮಾತ್ರ ಸಮಾನ.

ಪದವೊಂದರ ವ್ಯುತ್ಪತ್ತಿ ಅದರ ವಂಶವನ್ನು ತಿಳಿಸಬಲ್ಲದು. ಅದರ ಮೌಲ್ಯವನ್ನು ತಿಳಿಸಬೇಕಾದುದು ಪ್ರಯೋಗವೇ. ಪ್ರಾಚೀನ ನಾರ್ಸ್ ಪಠ್ಯವೊಂದರ ‘ಎರಡು ಹಂಡ್ರೆಡ್’ ಯೋಧರನ್ನು ಕನ್ನಡಕ್ಕೆ ತರುವವರು ‘ಇನ್ನೂರು’ ಎಂದು ಬರೆಯುವ ಮುನ್ನ, ಅದು 240 ಇರಬಹುದೇ ಎಂದು ಪಠ್ಯದ ಕಾಲ, ದೇಶ, ಸಂದರ್ಭಗಳಿಂದ ನಿರ್ಧರಿಸಿಕೊಳ್ಳುವುದು ಅವಶ್ಯಕ.