ಚಳಿಗಾಲದಲ್ಲಿ ಸಾಕುಮೊಲದ ವಸತಿ: ಮನೆಯೊಳಗೋ, ಹೊರಗೋ?

ಮಾರ್ಗಶಿರ ಮಾಸವು ಪ್ರಾರಂಭವಾಗುತ್ತಲೇ, ಮೊಲಗಳನ್ನು ಸಾಕಿರುವ ಗೃಹಸ್ಥರು ಸಾಧಾರಣವಾಗಿ ಕೇಳುವ ಪ್ರಶ್ನೆಯು ಒಂದೇ. ರಾತ್ರಿಯ ವೇಳೆಯಲ್ಲಿ ಮೊಲವನ್ನು ಹೊರಗಿನ ಗೂಡಿನಲ್ಲಿಯೇ ಬಿಡಬಹುದೋ, ಅಥವಾ ಮನೆಯೊಳಕ್ಕೆ ತಂದಿಡಬೇಕೋ ಎಂಬುದೇ ಆ ಪ್ರಶ್ನೆ. ಇದಕ್ಕೆ ಉತ್ತರವು ಅವರು ನಿರೀಕ್ಷಿಸುವಂತಹುದಲ್ಲ. ಹೊರಗೆ ಬೇಕಾದರೂ ಇಡಬಹುದು, ಒಳಗೆ ಬೇಕಾದರೂ ಇಡಬಹುದು. ಆದರೆ ಚಳಿಯು ಮುಗಿಯುವ ತನಕ ಒಂದೇ ಕಡೆಯಲ್ಲಿ ಇಡತಕ್ಕದ್ದು. ಹಗಲು ಹೊರಗೆ, ರಾತ್ರಿ ಒಲೆಯ ಬಳಿ ಎಂಬ ಕ್ರಮದಿಂದ ಸಾಯುವ ಮೊಲಗಳು ಬರಿಯ ಚಳಿಯಿಂದ ಸಾಯುವ ಮೊಲಗಳಿಗಿಂತ ಹೆಚ್ಚೆಂಬುದು ನನ್ನ ಅನುಭವ.

ಮೊದಲು ಈ ಪ್ರಾಣಿಯು ಯಾವುದೆಂಬುದನ್ನು ತಿಳಿಯುವುದು ಅವಶ್ಯಕವು. ನಮ್ಮ ಹೊಲಗಳ ಬದುಗಳಲ್ಲಿ ಓಡುವ ಕಾಡುಮೊಲವೇ ಬೇರೆ, ಸಾಕುಮೊಲವೇ ಬೇರೆ. ಕಾಡುಮೊಲವು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಮಲಗುತ್ತದೆ. ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲನ್ನೂ ತೆರೆದ ಕಣ್ಣುಗಳನ್ನೂ ಹೊಂದಿರುತ್ತವೆ. 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧವಾದುದರಿಂದ, ಗ್ರಾಮದ ಮುಖಂಡರು ಈ ಸಂಗತಿಯನ್ನು ಹುಡುಗರಿಗೆ ತಿಳಿಸಿ ಹೇಳಬೇಕು. ಸಾಕುಮೊಲವಾದರೋ ಸ್ಪೇನ್ ಪೋರ್ಚುಗಲ್ ದೇಶಗಳ ಕಡೆಯ ಬಿಲವಾಸಿ ಮೊಲದ ಸಂತತಿಯು. ನಮ್ಮಲ್ಲಿ ಕಾಣುವ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲ, ಅಂಗೋರಾ ಮೊದಲಾದ ತಳಿಗಳೆಲ್ಲವೂ ಈ ಒಂದೇ ಜಾತಿಗೆ ಸೇರಿದುವು. ಬಿಲವೆಂದರೆ ಒಣಗಿದ, ಕತ್ತಲೆಯಾದ, ಗಾಳಿಯು ನೇರವಾಗಿ ಬೀಸದ ಸ್ಥಳ. ಗೂಡನ್ನು ಕಟ್ಟುವವರು ಈ ಮೂರು ಗುಣಗಳನ್ನು ಮರೆಯಬಾರದು.

ಮೊಲದ ದೇಹದ ಉಷ್ಣವು ಸುಮಾರು 38.5ರಿಂದ 40 ಡಿಗ್ರಿ ಸೆಂಟಿಗ್ರೇಡಿನವರೆಗೆ ಇರುತ್ತದೆ. ಹಗಲಿನ ಅವಧಿಯು ಕಡಮೆಯಾಗುತ್ತ ಬಂದ ಹಾಗೆ ಅದು ಹಳೆಯ ಕೂದಲನ್ನು ಉದುರಿಸಿ ದಟ್ಟವಾದ ಚಳಿಗಾಲದ ಕೂದಲನ್ನು ಬೆಳೆಸಿಕೊಳ್ಳುತ್ತದೆ. ಚಳಿಯಾದಾಗ ಕಿವಿಗಳ ರಕ್ತನಾಳಗಳನ್ನು ಕುಗ್ಗಿಸಿ ಶಾಖವನ್ನು ಮೈಯಲ್ಲಿಯೇ ಉಳಿಸಿಕೊಳ್ಳುತ್ತದೆ. ಆದಕಾರಣ ಬೆಳಿಗ್ಗೆ ಮೊಲದ ಕಿವಿ ತಣ್ಣಗಿದ್ದ ಮಾತ್ರಕ್ಕೆ ಗಾಬರಿಪಡಬೇಕಾದುದಿಲ್ಲ. 15ರಿಂದ 20 ಡಿಗ್ರಿಯ ಹವೆಯು ಅದಕ್ಕೆ ಅತ್ಯಂತ ಹಿತಕರವಾದುದು. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತಿ ಕಡಮೆ ಉಷ್ಣವು 1884ನೆಯ ಜನವರಿ 13ರಂದು ಬಂದ 7.8 ಡಿಗ್ರಿ. ಅಂತಹ ರಾತ್ರಿಯು ಮತ್ತೆ ಬಂದರೂ, ಒಣಗಿದ ಹಾಸಿಗೆಯ ಮೇಲೆ ಹೊಟ್ಟೆ ತುಂಬಿ ಮಲಗಿರುವ ಬೆಳೆದ ಮೊಲಕ್ಕೆ ಅಪಾಯವಿಲ್ಲ. ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಗರ್ಸಾ ಎಂಬಲ್ಲಿ, ನಮ್ಮ ನಾಡಿನ ಚಳಿಗಿಂತ ಬಹು ಪಾಲು ತೀವ್ರವಾದ ಚಳಿಯಲ್ಲಿ, ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯವರು ಅಂಗೋರಾ ಮೊಲಗಳನ್ನು ಸಾಕುತ್ತಾರೆ.

ಹಾಗಾದರೆ ನಮ್ಮ ಮೊಲಗಳು ಪುಷ್ಯ ಮಾಸದಲ್ಲಿ ಏತಕ್ಕೆ ಸಾಯುತ್ತವೆ? ಘಟ್ಟದ ಸೀಮೆಯ ಒಂದು ಮನೆಯಲ್ಲಿ ನಾನು ಕಂಡ ಸಂಗತಿಯು ಇದಕ್ಕೆ ಉತ್ತರವಾಗಬಹುದು. ಯಜಮಾನರು ಮೊಲಗಳ ಮೇಲೆ ಬಹಳ ಅಕ್ಕರೆಯುಳ್ಳವರು. ಸಂಜೆಯಾಗುತ್ತಲೇ ಆರು ಮೊಲಗಳನ್ನೂ ಒಂದು ಹಲಗೆಯ ಪೆಟ್ಟಿಗೆಯಲ್ಲಿ ತುಂಬಿ, ಮೇಲೆ ಕಂಬಳಿ ಹೊದಿಸಿ, ಅಡಿಗೆಮನೆಯ ಒಲೆಯ ಪಕ್ಕದಲ್ಲಿ ಇಡಿಸುತ್ತಿದ್ದರು. ಬೆಳಿಗ್ಗೆ ಮಂಜು ಬೀಳುತ್ತಿರುವಾಗಲೇ ಅಂಗಳಕ್ಕೆ ಬಿಡಿಸುತ್ತಿದ್ದರು. ಒಲೆಯ ಶಾಖಕ್ಕೆ ಒಗ್ಗಿದ ಮೈಗೆ ಕೂದಲು ದಟ್ಟವಾಗಿ ಬೆಳೆಯಲಿಲ್ಲ. ಪೆಟ್ಟಿಗೆಯೊಳಗೆ ಮೂತ್ರದ ವಾಸನೆಯು ಕಣ್ಣಿಗೆ ಹತ್ತುವಷ್ಟಿತ್ತು. ಉಸಿರಿನ ತೇವದಿಂದ ಕಂಬಳಿಯು ಒದ್ದೆಯಾಗಿತ್ತು. ತಿಂಗಳು ಕಳೆಯುವುದರೊಳಗಾಗಿ ನಾಲ್ಕು ಮೊಲಗಳು ಮೂಗು ಸುರಿದು ತೀರಿಹೋದವು. ಅವರ ಆಳುಮಗನ ಗುಡಿಸಲಿನ ಹಿಂದೆ, ಹೆಂಚಿನ ಇಳಿಜಾರಿನ ಕೆಳಗೆ ಹಳೆಯ ಗೂಡಿನಲ್ಲಿದ್ದ ಜೋಡಿಗೆ ಏನೂ ಆಗಲಿಲ್ಲ.

ಮೊಲದ ನಿಜವಾದ ವೈರಿಗಳು ತೇವ, ಎದುರು ಗಾಳಿ ಮತ್ತು ಕೊಳಕು ಹವೆ. ನೆನೆದ ಕೂದಲು ಶಾಖವನ್ನು ಹಿಡಿದಿಡಲಾರದು. ಆದುದರಿಂದ ಮೊಲಕ್ಕೆ ಎಂದೂ ಸ್ನಾನ ಮಾಡಿಸಕೂಡದು. ದೀಪಾವಳಿಯ ಅಭ್ಯಂಜನದ ದಿವಸ ಮಕ್ಕಳು ತಮ್ಮ ಜೊತೆಯಲ್ಲಿಯೇ ಮೊಲಕ್ಕೂ ನೀರು ಹಾಕುವುದುಂಟು. ಇದನ್ನು ಹಿರಿಯರು ತಡೆಯಬೇಕು. ಅದೇ ರಾತ್ರಿ ಪಟಾಕಿಯ ಸದ್ದು ಕೇಳದ ಮೂಲೆಗೆ ಗೂಡನ್ನು ಸರಿಸಲೂ ಬೇಕು, ಏಕೆಂದರೆ ಮೊಲವು ಬರಿಯ ಭಯದಿಂದಲೇ ಪ್ರಾಣ ಬಿಡಬಲ್ಲುದು.

ಕೊಳಕು ಹವೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತವು. ಚಳಿಗೆ ಹೆದರಿ ಗೂಡಿನ ಕಿಂಡಿಗಳನ್ನೆಲ್ಲ ಮುಚ್ಚಿದರೆ, ಮೂತ್ರದಿಂದ ಹುಟ್ಟುವ ಅಮೋನಿಯಾ ವಾಯುವು ಒಳಗೆ ಸೇರಿಕೊಳ್ಳುತ್ತದೆ. ಮೊಲದ ಮೂಗು ನೆಲಕ್ಕೆ ಒಂದೆರಡು ಅಂಗುಲ ಎತ್ತರದಲ್ಲಿಯೇ ಇರುವುದರಿಂದ, ನಿಂತ ಮನುಷ್ಯನಿಗೆ ತಿಳಿಯದ ವಾಸನೆಯನ್ನು ಅದು ರಾತ್ರಿಯೆಲ್ಲ ಸೇವಿಸುತ್ತದೆ. ಈ ವಾಯುವು ಮೂಗಿನ ಒಳಪೊರೆಯನ್ನು ಸುಡುತ್ತದೆ. ಅನೇಕ ಮೊಲಗಳ ಮೂಗಿನಲ್ಲಿ ಸದಾ ಅಡಗಿರುವ ಪಾಸ್ಟುರೆಲ್ಲಾ ಎಂಬ ಸೂಕ್ಷ್ಮಜೀವಿಗೆ ಇದೇ ತಕ್ಕ ಸಮಯ. ಮೊದಲು ಸೀನು, ಅನಂತರ ಬಿಳಿಯ ಸಿಂಬಳ, ಕಡೆಗೆ ಶ್ವಾಸಕೋಶದ ಉರಿ. ಮೊಲವು ಮುಂಗಾಲುಗಳಿಂದಲೇ ಮೂಗನ್ನು ಒರೆಸಿಕೊಳ್ಳುವುದರಿಂದ, ಆ ಕಾಲುಗಳ ಒಳಭಾಗದ ಕೂದಲು ಅಂಟಂಟಾಗಿ ಗಂಟುಕಟ್ಟಿದ್ದರೆ ರೋಗವು ಬಂದಿದೆಯೆಂದು ತಿಳಿಯಬಹುದು. ಪರೀಕ್ಷೆಯು ಸುಲಭವಾದುದು. ಬೆಳಿಗ್ಗೆ ಗೂಡಿನ ಬಾಗಿಲನ್ನು ತೆರೆದ ಕೂಡಲೇ, ಯಜಮಾನನು ತಾನೇ ಬಗ್ಗಿ ಮುಖವನ್ನು ಒಳಗಿಟ್ಟು ಮೂಸಿ ನೋಡತಕ್ಕದ್ದು. ಕಣ್ಣು ಚುರುಗುಟ್ಟಿದರೆ ಗೂಡು ಕೆಟ್ಟಿದೆ. ಆಳಿನಿಂದ ವರದಿಯನ್ನು ತರಿಸಿಕೊಳ್ಳುವುದು ಸಾಲದು.

ಹೊರಗಿನ ಗೂಡಿನ ರಚನೆ. ನಮ್ಮ ಬಯಲುಸೀಮೆಯಲ್ಲಿ ಚಳಿಗಾಲದ ಗಾಳಿಯು ಪೂರ್ವ ಮತ್ತು ಈಶಾನ್ಯ ದಿಕ್ಕುಗಳಿಂದ ಬೀಸುತ್ತದೆ. ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಆದಕಾರಣ ಗೂಡಿನ ಬೆನ್ನು ಈಶಾನ್ಯಕ್ಕೂ ಮುಖವು ದಕ್ಷಿಣಕ್ಕೂ ಇದ್ದರೆ, ಗಾಳಿಯು ತಪ್ಪಿ ಬಿಸಿಲು ದೊರೆಯುತ್ತದೆ. ಮಲೆನಾಡಿನವರು ಮಾತ್ರ ಇದನ್ನು ವಿವೇಚಿಸಿ ಅನುಸರಿಸಬೇಕು. ಅಲ್ಲಿ ಮೊಲಕ್ಕೆ ಕಷ್ಟದ ಕಾಲವು ಪುಷ್ಯವಲ್ಲ, ಆಷಾಢ ಶ್ರಾವಣಗಳು. ಆಗ ನೈಋತ್ಯದಿಂದ ಇರಚಲು ಹೊಡೆಯುವುದರಿಂದ ಗೂಡನ್ನು ತಿರುಗಿಸಿಡಬೇಕಾಗುತ್ತದೆ. ಇಬ್ಬರು ಹೊರುವಷ್ಟು ಹಗುರವಾಗಿ ಗೂಡನ್ನು ಮಾಡಿಸುವುದರ ಪ್ರಯೋಜನವು ಇದೇ.

ಎರಡು ಮೊಲಗಳಿಗೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗೂಡು ಕನಿಷ್ಠವೆಂದು ಇಟ್ಟುಕೊಳ್ಳಬಹುದು. ಇದಲ್ಲದೆ ದಿನಕ್ಕೆ ಕೆಲವು ಗಂಟೆಗಳ ಕಾಲ ಬೇಲಿಯೊಳಗಿನ ಅಂಗಳದಲ್ಲಿ ಓಡಾಟವೂ ಬೇಕು. ಉದ್ದದ ಮೂರನೆಯ ಒಂದು ಭಾಗವನ್ನು ಹಲಗೆಯಿಂದ ಮರೆಮಾಡಿ, ಒಂದು ಮೊಲವು ನುಸುಳುವಷ್ಟು ಕಿಂಡಿಯನ್ನು ಬಿಟ್ಟು, ಮಲಗುವ ಕೋಣೆಯನ್ನಾಗಿ ಮಾಡಬೇಕು. ಈ ಕೋಣೆಯು ಚಿಕ್ಕದಾಗಿದ್ದಷ್ಟೂ ಮೊಲದ ಮೈಶಾಖವೇ ಅದನ್ನು ಬೆಚ್ಚಗಿಡುತ್ತದೆ. ಗೂಡು ನೆಲದಿಂದ ಎರಡು ಅಡಿಗೆ ಕಡಮೆಯಿಲ್ಲದಂತೆ ಕಾಲುಗಳ ಮೇಲೆ ನಿಂತಿರಲಿ. ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟರೆ ಇರುವೆಗಳು ಏರಲಾರವು. ಎಳೆಯ ಮರಿಗಳನ್ನು ಇರುವೆಗಳು ಕೊಲ್ಲುವುದನ್ನು ಅನೇಕರು ಚಳಿಯ ಮೇಲೆ ಹೊರಿಸುತ್ತಾರೆ. ಮುಂಭಾಗಕ್ಕೆ ಅರ್ಧ ಅಂಗುಲದ ಕಣ್ಣಿನ ಗಟ್ಟಿಯಾದ ಬೆಸುಗೆಯ ಜಾಲರಿಯನ್ನು ಹೊಡೆಸಬೇಕು. ಕೋಳಿಯ ಬಲೆಯನ್ನು ನಾಯಿಯು ಹರಿಯುತ್ತದೆ. ಅದರ ಕಣ್ಣಿನೊಳಗೆ ಹಾವು ನುಸುಳುತ್ತದೆ.

ಮಾಡಿಗೆ ಮಂಗಳೂರು ಹೆಂಚು ಉತ್ತಮವು. ಸತುವಿನ ತಗಡು ಅಗ್ಗವಾಗಿ ಕಂಡರೂ, ಹಗಲಿನಲ್ಲಿ ಕಾದು ರಾತ್ರಿಯಲ್ಲಿ ಬೇಗನೆ ತಣಿದು, ಬೆಳಗಿನ ಜಾವದಲ್ಲಿ ಒಳಮೈಯಿಂದ ಹನಿಗಳನ್ನು ಮೊಲದ ಮೇಲೆ ಬೀಳಿಸುತ್ತದೆ. ತಗಡನ್ನೇ ಬಳಸಬೇಕಾದರೆ ಕೆಳಗೆ ಹಲಗೆಯನ್ನೂ ಮೇಲೆ ಒಂದು ಗೇಣು ದಪ್ಪ ಸೋಗೆಯನ್ನೋ ಹುಲ್ಲನ್ನೋ ಹೊದಿಸಬೇಕು. ರಾತ್ರಿಯ ವೇಳೆಯಲ್ಲಿ ಜಾಲರಿಯ ಮುಂದೆ ಗೋಣಿಯ ಪರದೆಯನ್ನು ಇಳಿಬಿಡಬಹುದು. ಆದರೆ ಮೇಲ್ಗಡೆ ನಾಲ್ಕು ಅಂಗುಲ ತೆರೆದೇ ಇರಬೇಕು. ಕೆಟ್ಟ ಹವೆಯು ಮೇಲಿನಿಂದ ಹೊರಟುಹೋಗಲಿ, ಗಾಳಿಯು ಮೈಗೆ ಹೊಡೆಯದಿರಲಿ ಎಂಬುದೇ ಇದರ ತಾತ್ಪರ್ಯ. ಗೋಣಿಯನ್ನು ಒಳಗೆ ಹಾಸಕೂಡದು. ಮೊಲವು ನಾರನ್ನು ಕಡಿದು ನುಂಗಿದರೆ ಕರುಳು ಕಟ್ಟಬಹುದು.

ಹಾಸಿಗೆಗೆ ಚೆನ್ನಾಗಿ ಒಣಗಿದ ಭತ್ತದ ಹುಲ್ಲನ್ನು ಆರು ಅಂಗುಲ ದಪ್ಪಕ್ಕೆ ಹರಡಬೇಕು. ಬೂಷ್ಟು ಹಿಡಿದ ಬಣವೆಯ ತಳದ ಹುಲ್ಲು ದನಕ್ಕೆ ಬೇಡವಾದರೆ ಮೊಲಕ್ಕೂ ಬೇಡ. ಮೊಲವು ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುವ ಪ್ರಾಣಿಯು. ಆ ಮೂಲೆಯಲ್ಲಿ ಒಂದು ತಟ್ಟೆಯನ್ನಿಟ್ಟು ಪ್ರತಿನಿತ್ಯವೂ ಬರಿದುಮಾಡಿದರೆ ಉಳಿದ ಹಾಸಿಗೆಯು ಒಣಗಿರುತ್ತದೆ. ತಟ್ಟೆಯ ಗೊಬ್ಬರವು ತರಕಾರಿಯ ಮಡಿಗೆ ಬಹಳ ಒಳ್ಳೆಯದೆಂದು ಬೇರೆ ಹೇಳಬೇಕಾಗಿಲ್ಲ.

ಮನೆಯೊಳಗೆ ಇಡುವವರು ಸ್ಥಳವನ್ನು ವಿಚಾರಮಾಡಿ ಆರಿಸಬೇಕು. ಅಡಿಗೆಮನೆಯು ಹೊಗೆಯ ದೆಸೆಯಿಂದ ಕೂಡದು. ಕೊಟ್ಟಿಗೆಯು ಬೆಚ್ಚಗಿದ್ದರೂ ದನಗಳ ಗಂಜಲದ ವಾಯುವು ಅಲ್ಲಿ ತುಂಬಿರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನು ಇಡುವುದು ಮೊಲಕ್ಕೂ ಅಲ್ಲಿ ಮಲಗುವ ಮನುಷ್ಯರಿಗೂ ಪ್ರಾಣಾಪಾಯವಾದುದು. ಪಡಸಾಲೆಯ ಅಥವಾ ಮುಚ್ಚಿದ ಜಗಲಿಯ ಒಂದು ಮೂಲೆ, ಬಾಗಿಲಿಗೆ ಎದುರಾಗಿರದೆ, ಬೆಳಕುಳ್ಳದ್ದಾಗಿದ್ದರೆ ಅದೇ ಶ್ರೇಷ್ಠ. ಸೆಗಣಿಯಿಂದ ಸಾರಿಸಿದ ನೆಲವು ಆರುವ ತನಕ ತಣ್ಣಗಿರುವುದರಿಂದ ಹಲಗೆಯನ್ನು ಹಾಕಿ ಮೇಲೆ ಹುಲ್ಲನ್ನು ಹರಡಬೇಕು. ವಿದ್ಯುತ್ ತಂತಿಗಳನ್ನು ಮೊಲಕ್ಕೆ ಎಟಕದಂತೆ ಕಟ್ಟಿಸಬೇಕು. ಹೀಗೆ ಒಳಗೆ ಇಟ್ಟ ಮೊಲವನ್ನು ನಡು ಚಳಿಗಾಲದಲ್ಲಿ ಹೊರಗಿನ ಗೂಡಿಗೆ ವರ್ಗಾಯಿಸಕೂಡದು. ಬಿಸಿಲೇರಿದ ಮೇಲೆ, ಹತ್ತು ಗಂಟೆಯಿಂದ ಮೂರು ಗಂಟೆಯ ತನಕ, ಅಂಗಳದಲ್ಲಿ ಆಡಲು ಬಿಡುವುದಕ್ಕೆ ಅಡ್ಡಿಯಿಲ್ಲ.

ಎಲ್ಲಿಯೇ ಇರಲಿ, ಮೊಲದ ಒಲೆಯು ಅದರ ಹೊಟ್ಟೆಯಲ್ಲಿದೆ. ಒಣಹುಲ್ಲು ದೊಡ್ಡ ಕರುಳಿನಲ್ಲಿ ಹುದುಗುವಾಗ ಶಾಖವು ಉತ್ಪತ್ತಿಯಾಗುತ್ತದೆ. ಆದಕಾರಣ ರಾತ್ರಿಯ ಹೊತ್ತಿಗೆ ಹುಲ್ಲಿನ ತೊಟ್ಟಿಯು ತುಂಬಿರಲೇಬೇಕು. ಚಳಿಯಲ್ಲಿ ಅದು ಹೆಚ್ಚಾಗಿ ತಿನ್ನುವುದೂ ಸಹಜ. ಮೈ ಬೆಚ್ಚಗಾಗಲೆಂದು ಅನ್ನ, ಬೆಲ್ಲ, ಬಿಸ್ಕತ್ತುಗಳನ್ನು ಕೊಡುವ ವಾಡಿಕೆಯಿಂದ ಕರುಳು ಕೆಡುತ್ತದೆ. ಇಬ್ಬನಿಯಿಂದ ತೊಯ್ದ ಸೊಪ್ಪನ್ನು ಕೊಯ್ದ ಹಾಗೆಯೇ ಹಾಕದೆ, ನೆರಳಿನಲ್ಲಿ ಆರಿಸಿ ಹಾಕಬೇಕು. ಎರಡು ಕಿಲೋಗ್ರಾಂ ತೂಕದ ಮೊಲವು ದಿನಕ್ಕೆ 100ರಿಂದ 300 ಮಿಲಿಲೀಟರ್ ನೀರನ್ನು ಕುಡಿಯುತ್ತದೆ. ರಾತ್ರಿಯೆಲ್ಲ ಇದ್ದ ನೀರನ್ನು ಚೆಲ್ಲಿ, ಬೆಳಿಗ್ಗೆ ಬಾವಿಯಿಂದ ಆಗತಾನೇ ಸೇದಿದ ನೀರನ್ನು ಮಣ್ಣಿನ ಬಟ್ಟಲಿನಲ್ಲಿ ಇಟ್ಟರೆ ಸಾಕು. ಚಳಿಗಾಲದ ಬೆಳಿಗ್ಗೆ ಬಾವಿಯ ನೀರು ಬೆಚ್ಚಗಿರುವುದು ಎಲ್ಲರಿಗೂ ತಿಳಿದ ವಿಷಯವೇ.

ಇಷ್ಟೆಲ್ಲವೂ ಬೆಳೆದ ಮೊಲಗಳ ಮಾತು. ಮರಿಗಳ ವಿಷಯವೇ ಬೇರೆ. ಇಲ್ಲಿ ಚಳಿಯು ನಿಜವಾಗಿಯೂ ಕೊಲ್ಲುತ್ತದೆ. ಸುಮಾರು 31 ದಿನಗಳ ಗರ್ಭದ ನಂತರ ಹುಟ್ಟುವ ಮರಿಗಳಿಗೆ ಕೂದಲೂ ಇಲ್ಲ, ದೃಷ್ಟಿಯೂ ಇಲ್ಲ. ಅವುಗಳಿಗೆ 30 ಡಿಗ್ರಿಗೆ ಮೀರಿದ ಶಾಖವು ಬೇಕು. ಈಯುವುದಕ್ಕೆ ಮೂರು ನಾಲ್ಕು ದಿನ ಮುಂಚಿತವಾಗಿ 18 ಅಂಗುಲ ಉದ್ದ, 10 ಅಂಗುಲ ಅಗಲ, 10 ಅಂಗುಲ ಎತ್ತರದ ಪೆಟ್ಟಿಗೆಯನ್ನು ಮೃದುವಾದ ಹುಲ್ಲಿನಿಂದ ತುಂಬಿ ಗೂಡಿನೊಳಗೆ ಇಡಬೇಕು. ತಾಯಿಯು ತನ್ನ ಎದೆಯ ಕೂದಲನ್ನು ಕಿತ್ತು ಅದರಲ್ಲಿ ಹಾಸುತ್ತದೆ. ಅದು ದಿನಕ್ಕೆ ಒಂದು ಬಾರಿ, ಕೆಲವೇ ನಿಮಿಷಗಳ ಕಾಲ, ಹಾಲೂಡಿಸಿ ಹೊರಟುಹೋಗುತ್ತದೆ. ಇದನ್ನು ಕಂಡು ತಾಯಿಯು ಮರಿಗಳನ್ನು ತೊರೆದಿದೆಯೆಂದು ಭಾವಿಸಿ ಪೆಟ್ಟಿಗೆಯನ್ನು ಕದಲಿಸಬಾರದು. ಮೊಲೆಯನ್ನು ಕಚ್ಚಿಕೊಂಡ ಮರಿಯೊಂದು ಪೆಟ್ಟಿಗೆಯಿಂದ ಹೊರಕ್ಕೆ ಬಿದ್ದರೆ, ಬೆಕ್ಕಿನಂತೆ ಅದನ್ನು ಕಚ್ಚಿ ತಂದಿಡುವ ಬುದ್ಧಿಯು ಮೊಲಕ್ಕಿಲ್ಲ. ಆದುದರಿಂದ ಮೊದಲಿನ ಹತ್ತು ದಿನಗಳ ಕಾಲ ಬೆಳಿಗ್ಗೆಯೂ ಸಂಜೆಯೂ ಎಣಿಸಿ ನೋಡತಕ್ಕದ್ದು. ತಣ್ಣಗಾದ ಮರಿಯು ಸತ್ತಂತೆ ಕಂಡರೂ ಎಸೆಯದೆ, ಅಂಗೈಗಳ ನಡುವೆ ಇಟ್ಟುಕೊಂಡು ಮೆಲ್ಲಗೆ ಬೆಚ್ಚಗೆ ಮಾಡಿ, ಕಾಲಾಡಿಸಿದ ಮೇಲೆ ಒಡಹುಟ್ಟಿದವುಗಳ ನಡುವೆ ಸೇರಿಸಬೇಕು. ಚಳಿಗಾಲದಲ್ಲಿ ಮರಿಹಾಕುವ ತಾಯಿಯನ್ನು ಪಡಸಾಲೆಯಲ್ಲಿ ಇಡುವುದೇ ಲೇಸು; ಆದರೆ ಗರ್ಭದ ನಡುವಿನಲ್ಲಿಯೇ ತಂದು ಒಗ್ಗಿಸಬೇಕು, ಈಯುವ ಹಿಂದಿನ ದಿನವಲ್ಲ.

ಬೆಳೆದ ಮೊಲವು ಮುದುಡಿ ಕುಳಿತು, ಕರೆದರೆ ಕದಲದೆ, ಅರ್ಧ ದಿನ ಮೇವು ಮುಟ್ಟದೆ ಇದ್ದರೆ ಅದನ್ನು ಕಾಯಿಲೆಯೆಂದೇ ಎಣಿಸಬೇಕು. ಒದ್ದೆಯಾಗಿದ್ದರೆ ಬಟ್ಟೆಯಿಂದ ಒರೆಸಿ, ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆಯನ್ನು ಪಕ್ಕದಲ್ಲಿಟ್ಟು, ತಡಮಾಡದೆ ಹತ್ತಿರದ ಪಶುವೈದ್ಯಾಲಯಕ್ಕೆ ಒಯ್ಯತಕ್ಕದ್ದು. ಬೆಂಕಿಯ ಮುಂದೆ ಹಿಡಿಯಬಾರದು. ಮನೆಯಲ್ಲಿ ಉಳಿದಿರುವ ಮನುಷ್ಯರ ಮಾತ್ರೆಗಳನ್ನು ನುಂಗಿಸಲೇಬಾರದು. ಪೆನಿಸಿಲಿನ್ ವರ್ಗದ ಔಷಧವು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಉಪಕಾರಿ ಜೀವಿಗಳು ನಾಶವಾಗಿ ಅದು ಸಾಯುವ ಸಂಭವವುಂಟು.

ಶಿವರಾತ್ರಿಯು ಕಳೆಯುತ್ತಲೇ ಗೋಣಿಯ ಪರದೆಯನ್ನು ತೆಗೆದು, ಹಾಸಿಗೆಯನ್ನು ತೆಳುವಾಗಿಸಿ, ಗೂಡನ್ನು ಹೊಂಗೆಯ ಅಥವಾ ಹುಣಿಸೆಯ ನೆರಳಿಗೆ ಸಾಗಿಸುವ ಏರ್ಪಾಟು ಮಾಡಬೇಕು. ಮೊಲವು ಮೈಬೆವರಿ ತಣಿಯುವ ಪ್ರಾಣಿಯಲ್ಲ. ಹವೆಯು 30 ಡಿಗ್ರಿಯನ್ನು ದಾಟಿದರೆ ಏದುಸಿರು ಬಿಡಲಾರಂಭಿಸುತ್ತದೆ. ಚಳಿಗಾಲದಲ್ಲಿ ಹಿತವಾಗಿದ್ದ ದಕ್ಷಿಣದ ಬಿಸಿಲಿನಲ್ಲಿಯೇ ಅದನ್ನು ಫಾಲ್ಗುಣದಲ್ಲಿಯೂ ಬಿಟ್ಟರೆ, ಒಂದು ಮಧ್ಯಾಹ್ನದಲ್ಲಿ ಕಳೆದುಕೊಳ್ಳಬೇಕಾದೀತು.