ಹಳ್ಳದ ದಡದ ಸಾಗುವಳಿಯೂ ಮೀನಿನ ಸಂತತಿಯೂ

ಮಲೆನಾಡಿನಲ್ಲಿ ಮುಂಗಾರು ಹಿಡಿದು ಹಳ್ಳಗಳು ತುಂಬಿದೊಡನೆ, ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲಕ್ಕೇರಿ, ತಿಳಿನೀರಿನ ನೊರಜುಗಲ್ಲುಗಳ ನಡುವೆಯೂ ಗದ್ದೆಗಳಲ್ಲಿಯೂ ಮೊಟ್ಟೆಯಿಡುವುದು ಎಲ್ಲರೂ ಬಲ್ಲ ಸಂಗತಿ. ಇವನ್ನು ಹತ್ತುಮೀನುಗಳೆಂದು ಕರೆಯುವರು. ಹತ್ತುವ ಮೀನು ಕಡಮೆಯಾಯಿತೆಂದು ಹಿರಿಯರು ಹೇಳಿದಾಗಲೆಲ್ಲ ಕೂಣಿಯಿಟ್ಟವರನ್ನು ದೂರುವುದು ವಾಡಿಕೆಯಾಗಿದೆ. ಮೊಟ್ಟೆ ತುಂಬಿದ ಮೀನನ್ನು ಹಿಡಿಯುವುದು ಅವಿವೇಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೂಣಿಯು ಆ ವರ್ಷದ ಮೀನನ್ನು ಮಾತ್ರ ಒಯ್ಯುವುದು. ದಡದ ಮೇಲಣ ಸಾಗುವಳಿಯ ದೋಷಗಳು ಮೀನು ಹುಟ್ಟುವ ಸ್ಥಳವನ್ನೇ ಕೆಡಿಸುವುವು.

ಶರಾವತಿಯ ಮೇಲ್ಭಾಗದ ಉಪನದಿಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ವಿಷಯವು ಇಲ್ಲಿ ಗಮನಾರ್ಹವಾದುದು. ಪಶ್ಚಿಮದಲ್ಲಿ ನಿತ್ಯಹರಿದ್ವರ್ಣದ ಕಾಡಿನೊಳಗಿಂದ ಬರುವ ಎಣ್ಣೆಹೊಳೆ, ಹುರುಳಿಹೊಳೆ, ನಾಗೋಡಿಹೊಳೆಗಳಲ್ಲಿ ವರ್ಷವಿಡೀ ನೀರಿದ್ದು, ಸಹ್ಯಾದ್ರಿಯಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಮೀನುಗಳು ಹೆಚ್ಚಾಗಿ ವಾಸಿಸುವುವು. ಪೂರ್ವದಲ್ಲಿ ಸಾಗುವಳಿಯ ಭೂಮಿಗಳನ್ನೂ ನೆಡುತೋಪುಗಳನ್ನೂ ಹಾದುಬರುವ ನಂದಿಹೊಳೆ, ಹರಿದ್ರಾವತಿ, ಮಾವಿನಹೊಳೆಗಳಲ್ಲಿ ಅಂಥವು ವಿರಳ. ಪೂರ್ವಭಾಗದಲ್ಲಿ ಮಳೆಯೂ ಕಡಮೆಯಾದುದರಿಂದ ದೋಷವನ್ನೆಲ್ಲ ನೇಗಿಲಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆದರೂ ಕಾಡಿಗೂ ಬೇಸಗೆಯ ನೀರಿಗೂ ಮೀನಿಗೂ ಇರುವ ಸಂಬಂಧವು ಇದರಿಂದ ಸ್ಪಷ್ಟಪಡುವುದು. ಶರಾವತಿಯ ಹೆಸರನ್ನೇ ಹೊತ್ತ ಮೀಸೆಯ ಕಿರುಮೀನು ೨೦೦೪ರಲ್ಲಿಯೂ, ನಾಗೋಡಿಯ ಹೆಸರನ್ನು ಪಡೆದ ತಳಮೀನು ೨೦೦೬ರಲ್ಲಿಯೂ ಶಾಸ್ತ್ರಜ್ಞರ ಪಟ್ಟಿಗೆ ಸೇರಿದುವು. ಹೆಸರಿಡುವುದಕ್ಕೆ ಮುಂಚೆಯೇ ಅಳಿದುಹೋದ ಜಾತಿಗಳೆಷ್ಟಿವೆಯೋ ಹೇಳಬಲ್ಲವರಿಲ್ಲ.

ದಡದ ಮರಗಳನ್ನು ಕಡಿದರೆ ನೀರಿನ ಮೇಲೆ ಬಿಸಿಲು ನೇರವಾಗಿ ಬೀಳುವುದು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ೨೦ ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರು ನೀರು ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. ೩೦ ಡಿಗ್ರಿಗೆ ಕಾದ ನೀರು ಏಳೂವರೆ ಮಿಲಿಗ್ರಾಮಿನಷ್ಟನ್ನು ಮಾತ್ರ. ಬೇಸಗೆಯಲ್ಲಿ ಗುಂಡಿಗಳಲ್ಲಿ ಉಳಿದ ಅಲ್ಪ ನೀರಿನಲ್ಲಿ ಈ ವ್ಯತ್ಯಾಸವು ಮೀನಿಗೆ ಪ್ರಾಣದ ಪ್ರಶ್ನೆಯಾಗುವುದು. ನೀರಿಗೆ ಬೀಳುವ ಎಲೆ, ಹಣ್ಣು, ಹುಳುಗಳೆಂಬ ಆಹಾರವೂ ಮರದೊಡನೆಯೇ ಹೋಗುವುದು. ಆದುದರಿಂದ ಹೊಳೆಮತ್ತಿ, ಹೊಳೆದಾಸವಾಳ, ಹೊಂಗೆ, ನೇರಳೆ, ವಾಟೆ ಮುಂತಾದುವುಗಳ ಒಂದು ಪಟ್ಟಿಯನ್ನು ದಡದುದ್ದಕ್ಕೂ ಉಳಿಸತಕ್ಕದ್ದು. ಒಂದೆರಡು ಸಾಲು ಅಡಕೆಗಾಗಿ ಇವನ್ನು ತೆಗೆದವರು ಕೆಲವು ಮಳೆಗಾಲಗಳಲ್ಲಿಯೇ ಆ ಸಾಲುಗಳನ್ನು ದಡದ ಸಮೇತ ಹೊಳೆಗೆ ಒಪ್ಪಿಸುವುದುಂಟು.

ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಮಡಿಗಳನ್ನು ಎಳೆದು ಶುಂಠಿ ಬೆಳೆದಲ್ಲಿ ಮೊದಲ ದೊಡ್ಡ ಮಳೆಗೇ ಮೇಲ್ಮಣ್ಣು ಹಳ್ಳಕ್ಕೆ ಇಳಿಯುವುದು. ಕಲ್ಲುಗಳ ಸಂದಿನಲ್ಲಿ ಇಟ್ಟ ಮೊಟ್ಟೆಗಳಿಗೆ ನೀರಿನ ಓಟವೇ ಉಸಿರು. ಸಂದನ್ನು ಹೂಳು ಮುಚ್ಚಿದರೆ ಅವು ಉಸಿರುಗಟ್ಟಿ ಕೊಳೆಯುವುವು. ಕಲ್ಲಿಗೆ ಅಂಟಿಕೊಂಡು ಪಾಚಿಯನ್ನು ಮೇಯುವ ಸಣ್ಣ ಮೀನುಗಳಿಗೆ ಆಗ ನಿಲ್ಲಲು ನೆಲೆಯೇ ಇರುವುದಿಲ್ಲ. ಮಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಿ, ಕೆಳ ಅಂಚಿನಲ್ಲಿ ಹುಲ್ಲಿನ ಪಟ್ಟಿಯೊಂದನ್ನು ಬಿಟ್ಟರೆ ಗೊಬ್ಬರವೂ ಹೊಲದಲ್ಲಿಯೇ ನಿಲ್ಲುವುದು.

ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಕೋಲ್‌ಮನ್ನರು ಈ ರೋಗವನ್ನು ಕುರಿತ ತಮ್ಮ ಪುಸ್ತಿಕೆಯನ್ನು ೧೯೧೦ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣವು ಅಂದಿನಿಂದ ತೋಟಗಳನ್ನು ಕಾಪಾಡಿದೆ. ಅದನ್ನು ಬಿಡಬೇಕೆಂದು ಯಾರೂ ಹೇಳರು. ಆದರೆ ತಾಮ್ರವು ಮೀನಿಗೆ ವಿಷ. ಮಲೆನಾಡಿನ ಹಳ್ಳಗಳ ನೀರು ಸುಣ್ಣದಂಶ ಕಡಮೆಯಿರುವ ಮೆದುನೀರಾದುದರಿಂದ ಇಲ್ಲಿ ಆ ವಿಷವು ಇನ್ನೂ ತೀವ್ರವಾಗುವುದು. ಇಂಥ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು ತಾಮ್ರ ಕರಗಿದ್ದರೂ ಸೂಕ್ಷ್ಮ ಜಾತಿಯ ಮರಿಗಳು ಸಾಯಬಹುದು. ಔಷಧ ಹೊಡೆಯುವ ಕಾಲವೂ ಮೀನು ಹತ್ತುವ ಕಾಲವೂ ಒಂದೇ ಆಗಿರುವುದು ದುರ್ದೈವ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋಗ್ರಾಂ ಮೈಲುತುತ್ತವನ್ನು ೫೦ ಲೀಟರು ನೀರಿನಲ್ಲಿಯೂ, ಒಂದು ಕಿಲೋಗ್ರಾಂ ಒಳ್ಳೆಯ ಸುಣ್ಣವನ್ನು ಇನ್ನೊಂದು ೫೦ ಲೀಟರಿನಲ್ಲಿಯೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಹೊಳಪುಳ್ಳ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಕೆಂಪು ಬಣ್ಣ ಹಿಡಿದರೆ ತಾಮ್ರವು ಸುಣ್ಣದೊಡನೆ ಪೂರ್ತಿ ಕೂಡಿಲ್ಲವೆಂದರ್ಥ. ಇನ್ನಷ್ಟು ಸುಣ್ಣವನ್ನು ಸೇರಿಸತಕ್ಕದ್ದು. ಹೀಗೆ ಬಿಡಿಯಾಗಿ ಉಳಿದ ತಾಮ್ರವೇ ಎಳೆಯ ಅಡಕೆಯನ್ನು ಸುಡುವುದು, ಮೀನನ್ನು ಬೇಗನೆ ಕೊಲ್ಲುವುದೂ ಅದೇ.

ಕಾಫಿಯ ಸೀಮೆಯಲ್ಲಿ ಹಣ್ಣಿನ ಸಿಪ್ಪೆ ಸುಲಿದ ನೀರನ್ನು ಹಳ್ಳಕ್ಕೆ ಬಿಡುವುದರಿಂದಲೂ ಇಂಥದೇ ಕೇಡುಂಟು. ಅದು ಹುಳಿಯುತ್ತ ನೀರಿನ ಆಮ್ಲಜನಕವನ್ನು ಹೀರಿಬಿಡುವುದು. ಆ ಕೆಲಸವು ನಡೆಯುವುದು ಹಳ್ಳಗಳು ಸೊರಗತೊಡಗುವ ತಿಂಗಳುಗಳಲ್ಲಿಯೇ.

ಮೀನನ್ನು ಮುಟ್ಟದ ಮನೆಗಳವರು ಇದು ತಮಗೆ ಸಂಬಂಧಿಸಿದುದಲ್ಲವೆಂದು ಭಾವಿಸುವುದುಂಟು. ಆದರೆ ಸೊಳ್ಳೆಯ ಮರಿಗಳನ್ನು ತಿನ್ನುವುದು ತೋಟದ ಕಾಲುವೆಗಳಿಗೆ ಬರುವ ಸಣ್ಣ ಮೀನುಗಳೇ. ಭೂಮಿಯಿಲ್ಲದ ಕೂಲಿಗಾರರ ಮನೆಗಳಲ್ಲಿ ಮಳೆಗಾಲದ ಊಟಕ್ಕೆ ಸಾರವನ್ನು ಕೊಡುವುದು ಹಳ್ಳದ ಮೀನೇ. ತೋಟದವರ ಔಷಧದಿಂದ ಅದು ಸತ್ತರೆ ನಷ್ಟವು ತೋಟದ ಲೆಕ್ಕದಲ್ಲಿ ಕಾಣಿಸದು.

ಗ್ರಾಮದ ಮುಖಂಡರು ಔಷಧ ಹೊಡೆಯುವ ದಿನಗಳಿಗೆ ಮುಂಚೆ ತೋಟಗಾರರನ್ನೂ ಕೊನೆಗಾರರನ್ನೂ ಸೇರಿಸಿ, ದ್ರಾವಣ ಕಲಸುವುದಕ್ಕೆ ಹಳ್ಳದಿಂದ ದೂರವಾದ ಎತ್ತರದ ಒಂದು ಸ್ಥಳವನ್ನು ಗೊತ್ತುಮಾಡತಕ್ಕದ್ದು. ಪಂಪು, ಪೀಪಾಯಿ, ಕೊಳವೆಗಳನ್ನು ಹರಿಯುವ ನೀರಿನಲ್ಲಿ ತೊಳೆಯದೆ, ಅಲ್ಲಿಯೇ ತೊಳೆದು, ಆ ನೀರನ್ನು ಮಾರನೆಯ ದಿನದ ದ್ರಾವಣಕ್ಕೆ ಉಪಯೋಗಿಸಬೇಕು. ಕಡೆಯ ದಿನದ ತೊಳೆನೀರನ್ನು ತೋಟದೊಳಗೆ, ಬಸಿಗಾಲುವೆಯಿಂದ ದೂರವಾದ ಅಡಕೆಮರಗಳಿಗೇ ಹೊಡೆದು ಮುಗಿಸಬಹುದು.